ಕಡಿದ ಬುಡದಲ್ಲಿ ಉಳಿದಿರುವ ಕಾಡು

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ ಲೊಕ್ಕನಹಳ್ಳಿ ಹೋಬಳಿಯು ಪಶ್ಚಿಮದಲ್ಲಿ ಬಿಳಿಗಿರಿರಂಗನ ಬೆಟ್ಟಸಾಲು, ಪೂರ್ವದಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡು, ದಕ್ಷಿಣದಲ್ಲಿ ತಮಿಳುನಾಡಿನ ಸತ್ಯಮಂಗಲದ ಅರಣ್ಯ, ಈ ಮೂರರ ನಡುವೆ ಹರಡಿಕೊಂಡಿರುವ ಒಣಭೂಮಿಯ ಸೀಮೆಯಾಗಿದ್ದು, ಇಲ್ಲಿನ ಹಳ್ಳಿಗಳಿಗೆ ಹತ್ತಿರವಿರುವ ಗುಡ್ಡಗಳು ತಲೆಮಾರುಗಳಿಂದ ಕೊಡಲಿಯ ಪೆಟ್ಟು ತಿಂದಿವೆ. ದೂರದಿಂದ ನೋಡುವವರಿಗೆ ಈ ಗುಡ್ಡಗಳ ಮೇಲೆ ಕುರುಚಲು, ಮುಳ್ಳುಪೊದೆ ಮತ್ತು ಲಂಟಾನ ಮಾತ್ರ ಕಾಣುವುದರಿಂದ, ಅಲ್ಲಿ ಕಾಡು ಮುಗಿದುಹೋಯಿತು, ಇನ್ನು ಗುಂಡಿ ತೋಡಿ ಸಸಿ ನೆಡುವುದೊಂದೇ ದಾರಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ನೆಲದ ಮೇಲಿನ ಮರವನ್ನು ಕಡಿದರೂ ನೆಲದೊಳಗಿನ ಬೇರು ಬದುಕಿರುತ್ತದೆ ಎಂಬುದು ಒಣ ಎಲೆಯುದುರು ಕಾಡಿನ ಮುಖ್ಯ ಗುಣವಾಗಿದ್ದು, ದಿಂಡಿಗ, ಮತ್ತಿ, ಹೊನ್ನೆ, ಬೀಟೆ, ಶ್ರೀಗಂಧಗಳಂಥ ಬೆಲೆಬಾಳುವ ಮರಗಳು ಇಂಥ ನೆಲದಲ್ಲಿ ತಾವಾಗಿಯೇ ಮರಳಿ ಬರುವ ಶಕ್ತಿ ಪಡೆದಿವೆ. ಆ ಶಕ್ತಿಯನ್ನು ಗುರುತಿಸಿ ಕಾಯುವ ಕೆಲಸವು ಸಸಿ ನೆಡುವ ಕೆಲಸಕ್ಕಿಂತ ಅಗ್ಗವೂ ಹೌದು, ಈ ಸೀಮೆಯ ಮಳೆಗೂ ಮಣ್ಣಿಗೂ ಹೆಚ್ಚು ಹೊಂದುವಂಥದ್ದೂ ಹೌದು.

ಗಟ್ಟಿಮರ ಎಂಬುದಕ್ಕೆ ಇಲ್ಲಿ ಹೇಳುವ ಅರ್ಥವನ್ನು ಮೊದಲಿಗೇ ಸ್ಪಷ್ಟಪಡಿಸಿಕೊಳ್ಳಬೇಕು. ಮರದ ವ್ಯಾಪಾರದ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅಗಲ ಎಲೆಯ ಮರಗಳೆಲ್ಲ ಈ ವರ್ಗಕ್ಕೇ ಸೇರುತ್ತವೆಯಾದರೂ, ರೈತರೂ ಬಡಗಿಗಳೂ ಗಟ್ಟಿಮರವೆಂದು ಕರೆಯುವುದು ಚೇಗು ಬಲಿತ ಮರವನ್ನು ಮಾತ್ರ. ಕಾಂಡದ ಹೊರಭಾಗದಲ್ಲಿ ನೀರು ಸಾಗಿಸುವ ಬಿಳಿಯ ಮರವಿದ್ದು, ವರ್ಷಗಳು ಕಳೆದಂತೆ ಅದರ ಒಳಗಿನ ಪದರಗಳಲ್ಲಿ ಜೀವಕೋಶಗಳು ಸತ್ತು, ಅಲ್ಲಿ ರಾಳ, ಎಣ್ಣೆ, ಒಗರು ಮುಂತಾದ ವಸ್ತುಗಳು ತುಂಬಿಕೊಂಡು ಬಣ್ಣವೇರಿ ಗಡುಸಾಗುವ ಭಾಗವೇ ಚೇಗು. ಗೆದ್ದಲು ಬೇಗ ಮುಟ್ಟದ ಕಂಬ, ಸೀಳದ ಗಾಡಿಯ ಅಚ್ಚು, ತಲೆಮಾರು ಬಾಳುವ ಬಾಗಿಲುವಾಡ ಇವೆಲ್ಲ ಚೇಗಿನಿಂದ ಬರುತ್ತವೆಯೇ ಹೊರತು ಹೊರಗಿನ ಬಿಳಿಮರದಿಂದಲ್ಲ. ಚೇಗು ಕೂಡಲು ಕಾಲ ಬೇಕು. ಎಳೆಯ ವಯಸ್ಸಿನಲ್ಲೇ ಕಡಿದ ನೆಡುತೋಪಿನ ತೇಗದಲ್ಲಿ ಬಿಳಿಮರದ ಪಾಲು ಹೆಚ್ಚಿರುವುದಕ್ಕೆ ಇದೇ ಕಾರಣ.

ಈ ಸೀಮೆಯ ಕಾಡು ಕಡಿತಕ್ಕೆ ಒಳಗಾದ ಬಗೆಯಲ್ಲಿ ಆಡಳಿತದ ಇತಿಹಾಸವೂ ಬೆರೆತಿದೆ. ಹನೂರು ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಮದರಾಸು ಪ್ರಾಂತ್ಯದಲ್ಲಿ 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ ವರ್ಷವೇ ಅಲ್ಲಿನ ಮೊದಲ ರೈಲು ಓಡಿತು ಎಂಬುದು ಕಾಕತಾಳೀಯವಲ್ಲ, ಏಕೆಂದರೆ ಹಳಿಯಡಿಯ ದಿಮ್ಮಿಗೂ ಎಂಜಿನ್ನಿನ ಸೌದೆಗೂ ಒಮ್ಮೆಲೇ ಬಂದ ಬೇಡಿಕೆಯು ದಕ್ಷಿಣದ ಒಣಕಾಡುಗಳನ್ನು ಬರಿದು ಮಾಡುವ ಆತಂಕ ಆಗಲೇ ಎದ್ದಿತ್ತು. 1882ರ ಮದರಾಸು ಅರಣ್ಯ ಕಾಯ್ದೆಯ ನಂತರ ಕಾಯ್ದಿಟ್ಟ ಅರಣ್ಯಗಳು ರೂಪುಗೊಂಡು, ಸೌದೆಯ ಕಾಡುಗಳನ್ನು ಕೂಪುಗಳಾಗಿ ವಿಂಗಡಿಸಿ ಸರದಿಯಂತೆ ಕಡಿಯುವ ಪದ್ಧತಿ ಬೇರೂರಿತು. ಕೂಪು ಎಂದರೆ ಒಂದು ವರ್ಷದ ಕಡಿತಕ್ಕೆ ಗುರುತು ಮಾಡಿದ ಕಾಡಿನ ತುಂಡು. ಅದರೊಳಗಿನ ಕೆಲವು ಒಳ್ಳೆಯ ಮರಗಳಿಗೆ ಗುರುತು ಹಾಕಿ ಬೀಜಕ್ಕೂ ದಿಮ್ಮಿಗೂ ಉಳಿಸಿ, ಮಿಕ್ಕವನ್ನು ನೆಲಮಟ್ಟದಲ್ಲಿ ಕಡಿದು, ಬೊಡ್ಡೆಗಳು ಮತ್ತೆ ಚಿಗುರಿ ಬಲಿಯುವವರೆಗೆ ಆ ತುಂಡಿಗೆ ವಿರಾಮ ಕೊಡುವುದು ಕ್ರಮ. ಕ್ರಮವನ್ನು ಪಾಲಿಸಿದಷ್ಟು ಕಾಲ ಕಾಡು ಮರಳಿ ಬಂದಿತು ಎಂಬುದೂ, ವಿರಾಮದ ಅವಧಿಯಲ್ಲಿ ಬೆಂಕಿ, ಮೇವು, ಕಳ್ಳಕಡಿತ ಮೂರೂ ಸೇರಿದೆಡೆ ಬೊಡ್ಡೆಗಳು ಸೋತುಹೋದವು ಎಂಬುದೂ ಈ ಪದ್ಧತಿ ಕಲಿಸಿದ ಪಾಠಗಳು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಾಗುವಳಿ ವಿಸ್ತರಿಸಿತು. 1970ರ ದಶಕದ ಮೊದಲ ಭಾಗದಲ್ಲಿ ಲೊಕ್ಕನಹಳ್ಳಿಗೆ ಸಮೀಪದ ಒಡೆಯರಪಾಳ್ಯದಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ಧೊಂಡೆನ್‌ಲಿಂಗ್ ವಸತಿ ನೆಲೆಗೊಂಡು, ಕಾಡಾಗಿದ್ದ ನೆಲ ಮುಸುಕಿನ ಜೋಳದ ಹೊಲವಾಯಿತು. ಅದೇ ಹೊತ್ತಿನಲ್ಲಿ ರಕ್ಷಣೆಯ ಬೇಲಿಯೂ ಬಿಗಿಯಾಗುತ್ತ ಬಂದಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಯಿತು. 2013ರಲ್ಲಿ ಸುಮಾರು 906 ಚದರ ಕಿಲೋಮೀಟರ್ ವಿಸ್ತಾರದ ಮಲೆ ಮಹದೇಶ್ವರ ವನ್ಯಜೀವಿಧಾಮ ಅಸ್ತಿತ್ವಕ್ಕೆ ಬಂದಿತು. ಇವುಗಳ ನಡುವಿನ ದಶಕಗಳಲ್ಲಿ, 2004ರ ಅಕ್ಟೋಬರಿನಲ್ಲಿ ಕಾಡುಗಳ್ಳ ವೀರಪ್ಪನ್ ಹತನಾಗುವವರೆಗೆ, ಈ ಬೆಟ್ಟಗಳ ಶ್ರೀಗಂಧ ಹೇಗೆ ಬರಿದಾಯಿತು ಎಂಬುದು ನಾಡಿಗೆಲ್ಲ ತಿಳಿದ ಕಥೆ.

ಕಡಿದ ಮರ ಮರಳಿ ಬರುವ ಬಗೆಗಳು ಮುಖ್ಯವಾಗಿ ಮೂರು, ಮತ್ತು ಅವುಗಳ ವ್ಯತ್ಯಾಸವನ್ನು ತಿಳಿಯದೆ ಈ ಕೆಲಸಕ್ಕೆ ಕೈಹಾಕಬಾರದು. ಮೊದಲನೆಯದು ಬೊಡ್ಡೆಯ ಚಿಗುರು, ಅಂದರೆ ಕಬ್ಬಿನ ಬೆಳೆಗಾರರು ಚೆನ್ನಾಗಿ ಬಲ್ಲ ಕೂಳೆಯ ತತ್ತ್ವ. ಮರದ ಬುಡದ ತೊಗಟೆಯಡಿ ವರ್ಷಗಟ್ಟಲೆ ಮಲಗಿರುವ ಮೊಗ್ಗುಗಳಿರುತ್ತವೆ. ಮೇಲಿನ ಕಾಂಡದ ತುದಿಯಿಂದ ಇಳಿದು ಬರುವ ಹಾರ್ಮೋನುಗಳು ಅವನ್ನು ತಡೆದಿಟ್ಟಿರುತ್ತವೆ. ಕಾಂಡ ಉರುಳಿದ ಕೂಡಲೇ ತಡೆ ತಪ್ಪಿ, ಹಗೇವಿನಲ್ಲಿ ಕೂಡಿಟ್ಟ ರಾಗಿಯಂತೆ ಬೇರಿನಲ್ಲಿ ಸಂಗ್ರಹವಾಗಿರುವ ಪಿಷ್ಟವು ಮೇಲೇರಿ ಮೊಗ್ಗುಗಳನ್ನು ಎಬ್ಬಿಸುತ್ತದೆ. ಬೇಸಿಗೆಯಲ್ಲಿ ಕಡಿದ ದಿಂಡಿಗದ ಬೊಡ್ಡೆಯನ್ನು ಮೊದಲ ಮಳೆಗಳ ನಂತರ ಹತ್ತಿರದಿಂದ ನೋಡಿದರೆ, ಕಡಿದ ಅಂಚಿನ ಕೆಳಗೆ ತೊಗಟೆಯನ್ನು ಒಡೆದುಕೊಂಡು ಬಂದ ಕೆಂಪುಛಾಯೆಯ ಎಳೆಚಿಗುರುಗಳು ಬುಡದ ಸುತ್ತ ಗುಂಪಾಗಿ ನಿಂತಿರುತ್ತವೆ. ಅವುಗಳ ಎಲೆಗಳು ಬಲಿತ ಮರದ ಎಲೆಗಳಿಗಿಂತ ದೊಡ್ಡವು, ಗೆಣ್ಣುಗಳ ನಡುವಿನ ಅಂತರ ಉದ್ದ, ಬೆಳವಣಿಗೆಯ ಅವಸರ ಎದ್ದು ಕಾಣುವಂಥದ್ದು. ಬೀಜದಿಂದ ಹುಟ್ಟಿದ ಸಸಿ ಗೇಣುದ್ದ ಏಳಲು ಹೆಣಗುವ ಅವಧಿಯಲ್ಲಿ ಬೊಡ್ಡೆಯ ಚಿಗುರು ಎದೆಮಟ್ಟ ಏರಬಲ್ಲದು, ಏಕೆಂದರೆ ಅದರ ಕೆಳಗೆ ಪೂರ್ಣ ಬೆಳೆದ ಬೇರಿನ ಜಾಲ ಈಗಾಗಲೇ ಸಿದ್ಧವಿದೆ.

ಎರಡನೆಯದು ಬೇರುಚಿಗುರು. ಬುಡದಿಂದ ದೂರದಲ್ಲಿ, ನೆಲದ ಮೇಲ್ಪದರದಲ್ಲಿ ಹರಿದ ಅಡ್ಡಬೇರಿನಿಂದಲೇ ಹೊಸ ಗಿಡ ಏಳುವ ಈ ಗುಣ ಬೀಟೆಯಲ್ಲಿ ಪ್ರಬಲವಾಗಿದ್ದು, ತಾಯಿಮರ ಕಡಿದ ಮೇಲೆ, ಇಲ್ಲವೆ ನೇಗಿಲೋ ಹಾರೆಯೋ ತಗುಲಿ ಬೇರಿಗೆ ಗಾಯವಾದಾಗ ಹೆಚ್ಚು ಚಿಗುರುಗಳು ಹೊರಡುತ್ತವೆ. ಶ್ರೀಗಂಧಕ್ಕೂ ಹುರಗಲಿಗೂ ಈ ಶಕ್ತಿಯಿದೆ.

ಮೂರನೆಯದು ಕಣ್ಣಿಗೆ ಬೀಳದೆಯೇ ನಡೆಯುವ, ಆದ್ದರಿಂದಲೇ ಹೆಚ್ಚು ತಪ್ಪಾಗಿ ಗ್ರಹಿಸಲಾಗುವ ಬಗೆ. ಹೊನ್ನೆ, ಮತ್ತಿ, ತೇಗ ಮೊದಲಾದವುಗಳ ಬೀಜ ಮಳೆಗಾಲದಲ್ಲಿ ಮೊಳೆತು ಪುಟ್ಟ ಸಸಿಯಾಗುತ್ತದೆ. ಬೇಸಿಗೆ ಬಂದಾಗ ಅಥವಾ ಬೆಂಕಿ ಹಾದಾಗ ಅದರ ಮೇಲ್ಭಾಗ ಒಣಗಿ ಸಾಯುತ್ತದೆ. ಮರುವರ್ಷ ಅದೇ ಬೇರಿನಿಂದ ಹೊಸ ಚಿಗುರು ಬಂದು ಅದೂ ಸಾಯುತ್ತದೆ. ಹೀಗೆ ವರ್ಷಾನುವರ್ಷ ನೆಲದ ಮೇಲೆ ಏನೂ ಬೆಳೆಯದಂತೆ ಕಂಡರೂ, ಕೆಳಗೆ ಬೇರು ದಪ್ಪವಾಗುತ್ತಲೇ ಹೋಗಿ, ಒಂದು ಹಂತದಲ್ಲಿ ಒಳ್ಳೆಯ ಮಳೆಯ ವರ್ಷ ಸಿಕ್ಕಿದೊಡನೆ ಗಟ್ಟಿಮುಟ್ಟಾದ ಒಂದು ಕಾಂಡವನ್ನು ಒಮ್ಮೆಲೇ ಮೇಲಕ್ಕೆ ಕಳಿಸುತ್ತದೆ. ಆರ್. ಎಸ್. ಟ್ರೂಪ್ 1921ರಲ್ಲಿ ಪ್ರಕಟಿಸಿದ ಭಾರತೀಯ ಮರಗಳ ಬೆಳೆಸುವಿಕೆಯ ಬೃಹತ್ ಗ್ರಂಥವು ಇಂಥ ಮರುಹುಟ್ಟಿನ ಗುಣಗಳನ್ನು ಮರಮರಕ್ಕೂ ಪ್ರತ್ಯೇಕವಾಗಿ ದಾಖಲಿಸಿತು. ಕುರುಚಲು ಗುಡ್ಡದಲ್ಲಿ ಹುಲ್ಲಿನ ನಡುವೆ ಬೆರಳುದ್ದ ನಿಂತ ಹೊನ್ನೆಯ ಗಿಡವೊಂದು ಈ ವರ್ಷದ ಮೊಳಕೆಯಾಗಿರಬಹುದು, ಇಲ್ಲವೆ ಹಲವು ವರ್ಷ ವಯಸ್ಸಿನ ಬೇರಿನ ತುದಿಯೂ ಆಗಿರಬಹುದು. ಅಗೆದು ನೋಡದೆ ಹೇಳಲಾಗದು.

ಮರದಿಂದ ಮರಕ್ಕೆ ಈ ಗುಣಗಳು ಬೇರೆಯಾಗುವುದರಿಂದ, ಒಂದು ಗುಡ್ಡದ ಭವಿಷ್ಯವನ್ನು ಅಲ್ಲಿ ಉಳಿದಿರುವ ಬೊಡ್ಡೆಗಳ ಜಾತಿಯೇ ನಿರ್ಧರಿಸುತ್ತದೆ. ದಿಂಡಿಗದ ಬೀಜಗಳಲ್ಲಿ ಮೊಳೆಯುವವು ತೀರ ಕಡಿಮೆ; ಅದು ಬಹುಮಟ್ಟಿಗೆ ಬೊಡ್ಡೆಯ ಮೇಲೆಯೇ ಬದುಕುವ ಮರ. ಹಾಗಾಗಿ ದಿಂಡಿಗದ ಬೊಡ್ಡೆಗಳನ್ನು ಜೆಸಿಬಿಯಿಂದ ಕಿತ್ತುಹಾಕಿದ ನೆಲದಲ್ಲಿ ಅದು ಮರಳಿ ಬರುವ ಆಸೆ ಬಹಳ ಕ್ಷೀಣ. ಗಾಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ಹೆಸರಾದ, ಅಂಟಿಗಾಗಿ ಗಾಯ ಮಾಡುವ, ಚಳಿಗಾಲದ ಕೊನೆಗೆ ಎಲೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ ಇಡೀ ಗುಡ್ಡವನ್ನು ಕೆಂಪಾಗಿಸುವ ಈ ಮರ ಒಣಕಾಡಿನ ಬೆನ್ನೆಲುಬು ಎನ್ನಬಹುದು. ಮೊಸಳೆಯ ಚರ್ಮದಂತೆ ಬಿರಿದ ದಪ್ಪ ತೊಗಟೆಯ ಮತ್ತಿ ಬೆಂಕಿಗೆ ಜಗ್ಗುವುದಿಲ್ಲ. ಮನೆಯ ತೊಲೆ, ಜಂತೆಗಳಿಗೆ ಒದಗಿಬರುತ್ತದೆ. ಹೊನ್ನೆಯ ಕಾಯಿಗೆ ಸುತ್ತಲೂ ತೆಳುವಾದ ರೆಕ್ಕೆಯಿದ್ದು ಗಾಳಿಯಲ್ಲಿ ಸ್ವಲ್ಪ ದೂರ ಸಾಗುತ್ತದೆ. ಬಾಗಿಲುವಾಡಕ್ಕೆ ಮೆಚ್ಚುವ ಅದರ ಮರದ ಲೋಟದಲ್ಲಿ ರಾತ್ರಿಯಿಟ್ಟ ನೀರನ್ನು ಸಕ್ಕರೆ ಕಾಯಿಲೆಯವರು ಕುಡಿಯುವ ರೂಢಿಯೂ ಇದೆ. ಚುಜ್ಜಲು, ಕಗ್ಗಲಿಗಳು ಮರಳುಮಿಶ್ರಿತ ಬಡ ನೆಲದಲ್ಲೂ ಬದುಕಿ, ಉಳಿದ ಮರಗಳಿಗೆ ನೆಲೆ ಸಿದ್ಧಪಡಿಸುತ್ತವೆ. ಕಾವೇರಿಯ ಕಡೆಗೆ ಇಳಿಯುವ ಒಣ ಇಳಿಜಾರುಗಳಲ್ಲಿ ಸಿಗುವ ಕಮರವಂತೂ ದೇಶದ ಅತಿ ಭಾರದ ಮರಗಳಲ್ಲೊಂದು.

ಶ್ರೀಗಂಧಕ್ಕೆ ಪ್ರತ್ಯೇಕ ಮಾತು ಬೇಕು. ಅದು ಅರೆಪರಾವಲಂಬಿ, ಅಂದರೆ ತನ್ನ ಎಲೆಯಲ್ಲಿ ತಾನೇ ಆಹಾರ ತಯಾರಿಸಿಕೊಂಡರೂ ನೀರು ಮತ್ತು ಲವಣಗಳ ಪಾಲನ್ನು ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಹೀರುವ ಮರ. ಚುಜ್ಜಲು, ಹೊಂಗೆ, ಜಾಲಿಯ ಬಳಗದ ಗಿಡಗಳು ಅದಕ್ಕೆ ಆಸರೆಯಾಗುತ್ತವೆ. ಅದರ ಕಪ್ಪು ಹಣ್ಣನ್ನು ತಿಂದ ಪಿಕಳಾರ, ಕೋಗಿಲೆಗಳು ಬೇಲಿಯ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಮುಳ್ಳಿನ ಮರೆಯಲ್ಲಿ ಮೇಕೆಯ ಬಾಯಿಗೆ ಸಿಗದೆ, ಆಸರೆಗಿಡದ ಬೇರೂ ಪಕ್ಕದಲ್ಲೇ ಇರುವುದರಿಂದ ಸಸಿ ಬದುಕುತ್ತದೆ. ಬೇಲಿಸಾಲು ಮತ್ತು ಪೊದೆಗಾಡುಗಳೇ ಶ್ರೀಗಂಧದ ನಿಜವಾದ ನರ್ಸರಿಗಳಾಗಿರುವುದು ಇದರಿಂದ. ನೆಲವನ್ನು ಸಂಪೂರ್ಣ ಸ್ವಚ್ಛಗೊಳಿಸಿ ಒಂಟಿಯಾಗಿ ನೆಟ್ಟ ಶ್ರೀಗಂಧ ಏಕೆ ಸೊರಗುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ.

ಇಷ್ಟೆಲ್ಲ ಶಕ್ತಿಯಿದ್ದರೂ ಗುಡ್ಡಗಳು ಕುರುಚಲಾಗಿಯೇ ಉಳಿಯುವುದೇಕೆ ಎಂಬುದಕ್ಕೆ ಮೊದಲ ಕಾರಣ ಬೆಂಕಿ. ಎಳೆಯ ಕಾಂಡದ ತೊಗಟೆ ತೆಳುವಾಗಿರುವುದರಿಂದ ನೆಲಬೆಂಕಿ ಹಾದರೆ ಮೇಲ್ಭಾಗ ಸಾಯುತ್ತದೆ, ಬೇರು ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ತೊಗಟೆ ದಪ್ಪವಾಗುವಷ್ಟು ವರ್ಷಗಳ ಬಿಡುವು ಸಿಕ್ಕರೆ ಮಾತ್ರ ಕಾಂಡವು ಈ ಬಲೆಯಿಂದ ಪಾರಾಗಿ ಮರವಾಗುತ್ತದೆ. ಬಿಳಿಗಿರಿಯಂಥದೇ ಒಣಕಾಡುಳ್ಳ ನೆರೆಯ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ ಒಂದೊಂದು ಕಾಂಡವನ್ನೂ ಅಳೆಯುತ್ತ ಬಂದಿದ್ದು, ಸಣ್ಣ ಕಾಂಡಗಳ ಪಾಲಿಗೆ ಬೆಂಕಿ ಎಷ್ಟು ನಿರ್ಣಾಯಕವೆಂಬುದು ಅಲ್ಲಿ ಸ್ಪಷ್ಟವಾಗಿದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮುದುಮಲೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೇ ಜಾಗಕ್ಕೆ ಬೆಂಕಿ ಮರಳಿ ಬರಲು ಸರಾಸರಿ 10 ವರ್ಷ ಹಿಡಿಯುತ್ತಿದ್ದರೆ, ಶತಮಾನದ ಕೊನೆಗೆ ಆ ಅಂತರ 3.3 ವರ್ಷಕ್ಕೆ ಇಳಿದಿತ್ತು. ಮೂರು ವರ್ಷದಲ್ಲಿ ಯಾವ ಗಟ್ಟಿಮರದ ಚಿಗುರೂ ಬೆಂಕಿಯನ್ನು ತಾಳುವಷ್ಟು ದಪ್ಪವಾಗುವುದಿಲ್ಲ.

ಆದರೆ ಬೆಂಕಿಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬ ಪಾಠವನ್ನು ಈ ಬೆಟ್ಟಗಳ ಮೂಲನಿವಾಸಿಗಳಾದ ಸೋಲಿಗರು ಕಲಿಸಿದ್ದಾರೆ. ಬೇಸಿಗೆ ಕಾವೇರುವ ಮೊದಲೇ, ಹುಲ್ಲಿನಲ್ಲಿ ಇನ್ನೂ ಹಸಿಯಿರುವಾಗ ಅವರು ಇಡುತ್ತಿದ್ದ ತರಗು ಬೆಂಕಿಯು ಉದುರಿದ ಎಲೆಯನ್ನು ಮಾತ್ರ ಸುಡುತ್ತ ತಣ್ಣಗೆ ಹಾದುಹೋಗುತ್ತಿತ್ತು. ಏಪ್ರಿಲ್‌ನ ಬಿರುಬಿಸಿಲಿನಲ್ಲಿ ಹತ್ತಿದ ಬೆಂಕಿ ಒಣಗಿದ ಪೊದೆಯ ಮೂಲಕ ಮರದ ತುದಿಗೇರುತ್ತದೆ. ವನ್ಯಜೀವಿಧಾಮದ ನಿಯಮಗಳಡಿ ತರಗು ಬೆಂಕಿ ನಿಂತುಹೋದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಯ ಮರಗಳಿಗೆ ಬದನಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯಲ್ಲಿ ಗುರುತಿಸಿದ ಅಧ್ಯಯನ ತಾಕುಗಳಲ್ಲಿ 1997ರಲ್ಲಿ ಶೇಕಡ 41ರಷ್ಟರಲ್ಲಿ ಮಾತ್ರ ಲಂಟಾನವಿದ್ದರೆ, 2008ರ ಹೊತ್ತಿಗೆ ಅದು ಶೇಕಡ 81ಕ್ಕೆ ಏರಿತ್ತು. ಸೋಲಿಗರ ವಿವರಣೆಯನ್ನು ಕಾಡಿನವರ ನಂಬಿಕೆಯೆಂದು ಬದಿಗಿಡದೆ ವಿಜ್ಞಾನಿಗಳು ಗಂಭೀರವಾಗಿ ಪರಿಶೀಲಿಸಿದ್ದು ಸ್ತುತ್ಯ. ಆದರೂ, ಲಂಟಾನ ಆಳೆತ್ತರ ಬೆಳೆದು ನಿಂತ ಇಂದಿನ ಕಾಡಿನಲ್ಲಿ ಹಳೆಯ ತಣ್ಣನೆಯ ಬೆಂಕಿ ಸಾಧ್ಯವಿಲ್ಲ, ಮೊದಲು ಆ ಪೊದೆ ಹೋಗಬೇಕು, ಅನಂತರವಷ್ಟೇ ತರಗು ಬೆಂಕಿಯ ಮಾತು ಎಂಬುದನ್ನು ಮರೆಯಬಾರದು.

ಲಂಟಾನವೂ ಬುಡದಿಂದ ಚಿಗುರುವ ಗಿಡವೇ ಆದ್ದರಿಂದ, ಮೇಲೆ ಸವರಿ ಬಿಟ್ಟರೆ ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ರೂಢಿಗೆ ತಂದ ವಿಧಾನದಲ್ಲಿ, ಕಾಂಡವೂ ಬೇರೂ ಕೂಡುವ ಗಂಟಿಗಿಂತ ಸ್ವಲ್ಪ ಕೆಳಗೆ, ಮಣ್ಣಿನೊಳಗೆ ಬೇರನ್ನು ಕತ್ತರಿಸಿ ಗಿಡವನ್ನು ತಲೆಕೆಳಗಾಗಿ ಒರಗಿಸಲಾಗುತ್ತದೆ. ಚಿಗುರುವ ಮೊಗ್ಗುಗಳೆಲ್ಲ ಆ ಗಂಟಿನಲ್ಲಿರುವುದರಿಂದ ಕೆಳಗುಳಿದ ಬೇರು ಮತ್ತೆ ಏಳುವುದಿಲ್ಲ. ತೆಗೆದ ಕಡ್ಡಿಯಿಂದ ಪೀಠೋಪಕರಣ ಹೆಣೆಯುವ ತರಬೇತಿಯನ್ನು ಏಟ್ರೀ 2004ರಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಆರಂಭಿಸಿತು. ಲಂಟಾನ ತೆಗೆಯುವಾಗ ಅದರ ಮರೆಯಲ್ಲೇ ಬದುಕಿ ಬಂದ ಹೊನ್ನೆ, ಬೀಟೆ, ಶ್ರೀಗಂಧದ ಎಳೆಗಿಡಗಳು ಕತ್ತಿಗೆ ಸಿಕ್ಕದಂತೆ ನೋಡಿಕೊಳ್ಳಲು ಗಿಡಗಳ ಗುರುತು ಬಲ್ಲವರೇ ಬೇಕು, ಮತ್ತು ಈ ಸೀಮೆಯಲ್ಲಿ ಅಂಥ ಗುರುತು ಸೋಲಿಗರಷ್ಟು ಬಲ್ಲವರು ಬೇರೆ ಇಲ್ಲ.

ಮೇವಿನ ವಿಷಯ ಸರಳ. ಮೊದಲ ಎರಡು ಮೂರು ವರ್ಷ ದನ, ಮೇಕೆಗಳು ಚಿಗುರನ್ನು ಮುಟ್ಟದಿದ್ದರೆ ಸಾಕು. ತುದಿ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಹಿತಮಿತವಾಗಿ ಮೇಯಿಸುವುದು ಹುಲ್ಲನ್ನು ತಗ್ಗಿಸಿ ಬೆಂಕಿಯ ಅಪಾಯವನ್ನೂ ತಗ್ಗಿಸುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ, ಬೊಡ್ಡೆಗಳಿರುವ ನೆಲದಲ್ಲಿ ಯಂತ್ರದಿಂದ ಕಂದಕ, ಗುಂಡಿ ತೋಡಿ ಸಸಿ ನೆಡುವ ಕಾರ್ಯಕ್ರಮಗಳು ಬಹಳ ಕಡೆ ಇದ್ದ ಕಾಡನ್ನೇ ಕಿತ್ತು ಹೊಸ ಕಾಡು ಮಾಡಲು ಹೊರಟಂತಾಗುತ್ತವೆ ಎನ್ನದೆ ವಿಧಿಯಿಲ್ಲ. ನರ್ಸರಿಯ ಪಾಲಿಥೀನ್ ಚೀಲದಲ್ಲಿ ಬೆಳೆದ ಸಸಿಯ ತಾಯಿಬೇರು ಅಡಿಯಲ್ಲಿ ಸುರುಳಿ ಸುತ್ತಿಕೊಂಡಿರುವುದುಂಟು. ಮೇ ತಿಂಗಳ ಮಳೆಯ ನಂತರ ಜೂನ್, ಜುಲೈಗಳಲ್ಲಿ ಬಿಡುವು ಕೊಟ್ಟು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮತ್ತೆ ಸುರಿಯುವ ಈ ಮಳೆನೆರಳಿನ ಸೀಮೆಯಲ್ಲಿ ಅಂಥ ಸಸಿ ನಡುವಿನ ಒಣಗಾಳಿಯಲ್ಲೇ ಸೋಲುತ್ತದೆ. ಆಳಕ್ಕೆ ಇಳಿದ ಹಳೆಯ ಬೇರಿಗೆ ಆ ಭಯವಿಲ್ಲ. ಬೊಡ್ಡೆಯೂ ಬೀಜದ ಮರವೂ ಎರಡೂ ಇಲ್ಲದಂತೆ ಬರಿದಾದ ನೆಲದಲ್ಲಿ, ದಶಕಗಳ ಕಾಲ ಉತ್ತ ಹೊಲದಲ್ಲಿ, ಗಣಿಯ ಗುಂಡಿಯಲ್ಲಿ ಸಸಿ ನೆಡುವುದು ಅನಿವಾರ್ಯ. ಹಾಗೆಂದು ಎಲ್ಲ ನೆಲಕ್ಕೂ ಅದೇ ಮದ್ದನ್ನು ಕೊಡುವುದು ನೆಲವನ್ನು ನೋಡದೆ ಕೈಗೊಂಡ ನಿರ್ಧಾರವಾಗುತ್ತದೆ.

ಹೀಗೆ ಮರಳಿ ಬಂದ ಮರವನ್ನು ದಿಮ್ಮಿಯಾಗಿ ಬಳಸುವ ಪ್ರಶ್ನೆಗೆ ಕಾನೂನಿನ ಗಡಿಗಳಿವೆ. ಹುಲಿ ಸಂರಕ್ಷಿತ ಪ್ರದೇಶದಲ್ಲೂ ವನ್ಯಜೀವಿಧಾಮದಲ್ಲೂ ಬೆಳೆಯುವ ಮರ ಮಾರುಕಟ್ಟೆಗೆ ಬರುವಂತಿಲ್ಲ, ಬರಲೂಬಾರದು. ಅಲ್ಲಿ ಗಟ್ಟಿಮರದ ಬೆಲೆ ಪೊಟರೆಯಲ್ಲಿ ಗೂಡುಕಟ್ಟುವ ಹಕ್ಕಿಗೆ, ಹೆಜ್ಜೇನಿಗೆ, ತೊಗಟೆ ಸುಲಿದು ತಿನ್ನುವ ಆನೆಗೆ ಸಲ್ಲುವಂಥದ್ದು. ಬಿಳಿಗಿರಿ ಮತ್ತು ಕೊಳ್ಳೇಗಾಲದ ಕಾಡುಗಳನ್ನು ಬೆಸೆಯುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆಪಥದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನನ್ನು ಖರೀದಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದ್ದು ಆನೆಗಳ ಓಡಾಟಕ್ಕಾಗಿಯೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತದ್ದು ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲನೆಯದೆಂದು ದಾಖಲಾಗಿದೆ. ಆ ಹಕ್ಕಿನಲ್ಲಿ ಜೇನು, ನೆಲ್ಲಿ, ಪಾಚಿಯಂಥ ಕಿರು ಉತ್ಪನ್ನಗಳೂ ಕಾಡನ್ನು ಕಾಯುವ ಅಧಿಕಾರವೂ ಸೇರಿದ್ದರೂ ದಿಮ್ಮಿ ಸೇರಿಲ್ಲ.

ದಿಮ್ಮಿಯ ಬೆಳೆಗೆ ಉಳಿಯುವುದು ರೈತರ ಸ್ವಂತ ನೆಲ: ಉಳುಮೆಗೆ ಒಗ್ಗದ ಕಲ್ಲುಭೂಮಿ, ಹೊಲದ ಬದು, ಹಳ್ಳದ ದಡ, ಬೀಳುಬಿಟ್ಟ ಇಳಿಜಾರು. ಲೊಕ್ಕನಹಳ್ಳಿ, ಪಿ. ಜಿ. ಪಾಳ್ಯ, ಹುತ್ತೂರು, ಬೈಲೂರು ಕಡೆಯ ಕಾಡಂಚಿನ ಜಮೀನುಗಳಲ್ಲಿ ಇಂಥ ತುಣುಕುಗಳಿಗೆ ಕೊರತೆಯಿಲ್ಲ. ಅಲ್ಲಿ ಮಾಡಬೇಕಾದ ಕೆಲಸ ಹೆಚ್ಚು ಖರ್ಚಿನದಲ್ಲ, ಆದರೆ ನಾಜೂಕಿನದು. ಮೊದಲು ನೆಲವನ್ನು ಅಡ್ಡಾಡಿ ಜೀವಂತ ಬೊಡ್ಡೆ, ಬೇರುಚಿಗುರು, ಬೀಜದ ಗಿಡಗಳನ್ನು ಗುರುತಿಸಬೇಕು. ಮೇಕೆ ಮೇದು, ಸೌದೆಗೆಂದು ಪದೇಪದೇ ಸವರಿ ಪೊದೆಯಾಗಿರುವ ಬೊಡ್ಡೆಯನ್ನು ಎಲೆಯುದುರಿ ಮರ ನಿದ್ರಿಸುವ ಒಣ ತಿಂಗಳುಗಳಲ್ಲಿ, ಪಿಷ್ಟವೆಲ್ಲ ಬೇರಿನಲ್ಲಿರುವಾಗ, ಹರಿತವಾದ ಕೊಡಲಿಯಿಂದ ನೆಲಕ್ಕೆ ಹತ್ತಿರವಾಗಿ, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸುಲಿಯದಂತೆ ಕಡಿಯಬೇಕು. ಎತ್ತರದಲ್ಲಿ ಕಡಿದರೆ ಚಿಗುರೂ ಎತ್ತರದಲ್ಲೇ ಹುಟ್ಟಿ, ಹಳೆಯ ಬೊಡ್ಡೆ ಕೊಳೆತಂತೆ ಆ ಕೊಳೆ ಹೊಸ ಕಾಂಡದ ತಿರುಳಿಗೂ ಏರಿ ಪೊಳ್ಳಾಗುತ್ತದೆ, ಗಾಳಿಗೆ ಸೀಳಿಹೋಗುತ್ತದೆ. ನೆಲಮಟ್ಟದ ಚಿಗುರು ಮಾತ್ರ ಕಾಲಕ್ರಮದಲ್ಲಿ ತನ್ನದೇ ಬೇರು ಇಳಿಸಿ ಸ್ವತಂತ್ರ ಮರವಾಗುತ್ತದೆ. ಒಂದೆರಡು ಮಳೆಗಾಲ ಕಳೆದು ಚಿಗುರುಗಳಲ್ಲಿ ಮೇಲಾಟ ಸ್ಪಷ್ಟವಾದ ಮೇಲೆ, ನೆಟ್ಟಗಿರುವ, ಕೆಳಗಿನಿಂದ ಎದ್ದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಮೊದಲ ವರ್ಷವೇ ಅವಸರಪಟ್ಟರೆ ಉಳಿಸಿದ ಒಂಟಿ ಚಿಗುರು ಗಾಳಿಗೋ ದನಕ್ಕೋ ಮುರಿದು ಹೋಗುವುದುಂಟು. ಪಕ್ಕದಲ್ಲಿ ಒತ್ತಾಗಿ ಬೆಳೆಯುವ ಗಿಡಗಳನ್ನು ಕಳೆಯೆಂದು ಪೂರ್ತಿ ತೆಗೆಯುವುದೂ ತಪ್ಪು, ಏಕೆಂದರೆ ನೆರಳಿನ ಒತ್ತಡದಿಂದ ಕೆಳಗಿನ ಕೊಂಬೆಗಳು ಎಳೆಯವಾಗಿರುವಾಗಲೇ ಉದುರಿ, ಕಾಂಡ ಗಂಟಿಲ್ಲದೆ ನೇರವಾಗಿ ಏರುತ್ತದೆ. ಬೇಸಿಗೆಗೆ ಮುನ್ನ ಸುತ್ತ ಬೆಂಕಿರೇಖೆ, ಅಂದರೆ ಹುಲ್ಲು ತರಗು ಸವರಿದ ಒಂದು ಪಟ್ಟಿ, ಇರಲೇಬೇಕು.

ಕಾಯುವ ಅವಧಿಯ ಬಗ್ಗೆ ಮುಚ್ಚುಮರೆ ಸಲ್ಲದು. ಒಣಕಾಡಿನ ದಿಂಡಿಗ, ಮತ್ತಿಗಳ ಕಾಂಡ ವರ್ಷಕ್ಕೆ ದಪ್ಪವಾಗುವುದು ಕೆಲವೇ ಮಿಲಿಮೀಟರ್. ಬೀಟೆ, ಹೊನ್ನೆಗಳ ದೊಡ್ಡ ದಿಮ್ಮಿಗೆ ಒಂದು ಆಯುಷ್ಯವೇ ಹಿಡಿಯುತ್ತದೆ. ಆದರೆ ನಡುವೆ ತೆಗೆದ ಚಿಗುರುಗಳಿಂದ ಸೌದೆ, ಅವರೆಯ ಚಪ್ಪರಕ್ಕೆ ಗೂಟ, ಬೇಲಿಗೆ ಕಡ್ಡಿ, ಮೇವಿಗೆ ಸೊಪ್ಪು ವರ್ಷವರ್ಷವೂ ಸಿಗುತ್ತದೆ, ಮತ್ತು ಮೊದಲ ದಿನದಿಂದಲೇ ಮಣ್ಣು ನಿಲ್ಲುತ್ತದೆ.

ಬೊಡ್ಡೆ ಕಾಯುವ ಇದೇ ತತ್ತ್ವವನ್ನು ನಂಬಿ ಒಂದು ದೇಶದ ನೆಲವೇ ಬದಲಾದ ಉದಾಹರಣೆ ಆಫ್ರಿಕಾದ ನೈಜರ್‌ನಲ್ಲಿದೆ. ಮಾರಾದಿ ಪ್ರದೇಶದಲ್ಲಿ ಸಸಿ ನೆಟ್ಟು ನೆಟ್ಟು ಸೋತಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ, ಹೊಲಗಳಲ್ಲಿನ ಪೊದೆಗಳು ಕಡಿದ ಮರಗಳ ಬೊಡ್ಡೆಚಿಗುರುಗಳೇ ಎಂಬುದನ್ನು 1983ರಲ್ಲಿ ಗಮನಿಸಿ, ರೈತರೊಡನೆ ಸೇರಿ ಅವನ್ನು ಸವರಿ ಕಾಯುವ ಕೆಲಸ ಆರಂಭಿಸಿದರು. ಮುಂದಿನ ಎರಡು ದಶಕಗಳಲ್ಲಿ ಈ ಕ್ರಮ ಸುಮಾರು 50 ಲಕ್ಷ ಹೆಕ್ಟೇರ್‌ಗೆ ಹಬ್ಬಿತೆಂದು ಅಂದಾಜಿಸಲಾಗಿದೆ. ಅಲ್ಲಿ ಬದಲಾವಣೆಗೆ ನೆರವಾದ ಮುಖ್ಯ ಸಂಗತಿಯೆಂದರೆ, ಸರ್ಕಾರದ ಸೊತ್ತೆಂದು ಎಣಿಸಲಾಗಿದ್ದ ಹೊಲದ ಮರಗಳ ಮೇಲೆ ಕಾಯ್ದವನಿಗೇ ಹಕ್ಕಿದೆ ಎಂಬ ಭರವಸೆ ರೈತರಲ್ಲಿ ಮೂಡಿದ್ದು.

ಕರ್ನಾಟಕದಲ್ಲಿ ಆ ಭರವಸೆ ಇನ್ನೂ ಅರ್ಧವಾಗಿದೆ. ರೈತನ ಜಮೀನಿನಲ್ಲಿ ತಾನಾಗಿ ಬೆಳೆದ ಶ್ರೀಗಂಧವೂ ಸರ್ಕಾರದ್ದೇ ಎಂಬ ನಿಯಮ ಇದ್ದಷ್ಟು ಕಾಲ, ತಂಟೆಯೇ ಬೇಡವೆಂದು ಸಸಿಯಾಗಿರುವಾಗಲೇ ಅದನ್ನು ಕಿತ್ತೆಸೆಯುವುದು ವಾಡಿಕೆಯಾಗಿತ್ತು. 2001ರ ಕಾಯ್ದೆ ತಿದ್ದುಪಡಿಯು ಜಮೀನಿನ ಒಡೆಯನಿಗೆ ಹಕ್ಕು ಕೊಟ್ಟ ಮೇಲೆಯೇ ಅದನ್ನು ಬೆಳೆಯಾಗಿ ನೋಡುವ ಮನಸ್ಸು ಹುಟ್ಟಿತು. ಬೀಟೆ, ಹೊನ್ನೆ, ಮತ್ತಿಗಳ ವಿಷಯದಲ್ಲಿ ಕಡಿಯಲು ಅನುಮತಿ, ಸಾಗಿಸಲು ರಹದಾರಿ ಎಂಬ ಅಲೆದಾಟ ಮುಂದುವರಿದಿರುವುದರಿಂದ, ಬದುವಿನಲ್ಲಿ ಎದ್ದ ಬೀಟೆಯ ಬೇರುಚಿಗುರನ್ನು ಉಳಿಸುವುದಕ್ಕಿಂತ ಅನುಮತಿಯ ಗೊಡವೆಯಿಲ್ಲದ ಸಿಲ್ವರ್ ಓಕ್ ನೆಡುವುದು ಲೇಸೆಂದು ರೈತರು ಯೋಚಿಸಿದರೆ ಅವರನ್ನು ದೂರುವಂತಿಲ್ಲ. 2011ರಿಂದ ಜಾರಿಯಲ್ಲಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಇಲಾಖೆಯ ನರ್ಸರಿಯಿಂದ ಒಯ್ದು ನೆಟ್ಟು ಬದುಕಿಸಿದ ಪ್ರತಿ ಸಸಿಗೂ ಮೂರು ವರ್ಷ ಹಣ ಕೊಡುತ್ತದೆ. ತನ್ನ ನೆಲದಲ್ಲಿಯೇ ಎದ್ದ ದಿಂಡಿಗದ ಬೊಡ್ಡೆಯನ್ನು ಸವರಿ, ಬೆಂಕಿಯಿಂದ ಕಾಯ್ದು, ಮರ ಮಾಡಿದ ರೈತನ ಶ್ರಮ ಆ ಲೆಕ್ಕಕ್ಕೆ ಬರುವುದಿಲ್ಲ. ಬದುಕಿರುವ ಸಸಿಯನ್ನು ಎಣಿಸುವ ಅದೇ ವನರಕ್ಷಕನಿಗೆ ಬದುಕಿರುವ ಬೊಡ್ಡೆಯನ್ನೂ ಎಣಿಸುವುದು ಕಷ್ಟವಲ್ಲ. ಎಣಿಸಿದ ಬೊಡ್ಡೆಯ ಮರವು ಮುಂದೆ ಕಡಿಯುವ ದಿನ ಯಾರದ್ದು ಎಂಬುದನ್ನು ಪಹಣಿಯಲ್ಲಿಯೇ ಬರೆದುಕೊಟ್ಟರೆ, ಕಾಡಂಚಿನ ಕಲ್ಲುಭೂಮಿಗಳಲ್ಲಿ ಈಗ ಪ್ರತಿ ಬೇಸಿಗೆಯಲ್ಲೂ ಸೌದೆಗೆ ಸವರಿಸಿಕೊಳ್ಳುತ್ತಿರುವ ಬೊಡ್ಡೆಗಳಿಗೆ ಬಲಿಯಲು ಬೇಕಾದ ವರ್ಷಗಳು ಸಿಗುತ್ತವೆ.